ಚಿತ್ರದ ಪಕ್ಕದಲ್ಲಿ ಅಕ್ಷರ: ಫ್ಲೋಟ್ ಲೇಔಟಿನ ಕಾಯಿಲೆಗಳು, ಮದ್ದುಗಳು

ವಾರಪತ್ರಿಕೆಯೊಂದರ ಹಳೆಯ ಜಾಲತಾಣವನ್ನು ಹೊಸದಾಗಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮುಖಪುಟದಲ್ಲಿ ಸಾಲಿಗೆ ಮೂರರಂತೆ ಲೇಖನಗಳ ಕಾರ್ಡುಗಳು; ಎಲ್ಲವೂ ಫ್ಲೋಟ್ ಹಾಕಿ ಪಕ್ಕಪಕ್ಕ ನಿಲ್ಲಿಸಿದವು. ಅವುಗಳ ಹೊರಗಿನ ಡಿವ್‌ಗೆ ‘ಡಿಸ್‌ಪ್ಲೇ: ಗ್ರಿಡ್’ ಎಂದು ಬರೆದು, ಮೂರು ಕಾಲಂ ಕೊಟ್ಟು, ಪುಟವನ್ನು ರಿಫ್ರೆಶ್ ಮಾಡಿದೆ. ಮೊದಲ ಮನೆ ಖಾಲಿ! ಮೊದಲ ಕಾರ್ಡು ಎರಡನೆಯ ಮನೆಯಲ್ಲಿ ಕೂತಿತ್ತು, ಎರಡನೆಯದು ಮೂರನೆಯದರಲ್ಲಿ, ಮೂರನೆಯ ಕಾರ್ಡು ಕೆಳಗಿನ ಸಾಲಿಗೆ ಹೋಗಿತ್ತು. ಸಾಲದ್ದಕ್ಕೆ ಪ್ರತಿ ಕಾರ್ಡೂ ತನ್ನ ಮನೆಯ ಮೂರರಲ್ಲೊಂದು ಪಾಲಿಗೆ ಕುಗ್ಗಿ, ಶೀರ್ಷಿಕೆಗಳು ಸಾಲಿಗೊಂದು ಪದದಂತೆ ಇಳಿದಿದ್ದವು. ಎಚ್‌ಟಿಎಂಎಲ್ ಕಡತವನ್ನು ಎರಡು ಸಲ ಓದಿದೆ. ಆ ಖಾಲಿ ಮನೆಗೆ ಹೊಣೆಯಾಗಬಲ್ಲ ಒಂದೇ ಒಂದು ಟ್ಯಾಗೂ ಅಲ್ಲಿರಲಿಲ್ಲ.

ಅರ್ಧ ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಹೊರಗಿನ ಡಿವ್ ಮೇಲೆ ‘ಕ್ಲಿಯರ್‌ಫಿಕ್ಸ್’ ಎಂಬ ಕ್ಲಾಸ್ ಇತ್ತು. ಅದು ಮೊದಲ ಕಾರ್ಡಿಗೂ ಮುಂಚೆ, ಕೊನೆಯ ಕಾರ್ಡಿನ ನಂತರ, ಕಣ್ಣಿಗೆ ಕಾಣದ ಒಂದೊಂದು ಪೆಟ್ಟಿಗೆಯನ್ನು ಸೇರಿಸುತ್ತದೆ. ಫ್ಲೋಟ್ ಇದ್ದಷ್ಟು ದಿನ ಆ ಪೆಟ್ಟಿಗೆಗಳೇ ಲೇಔಟನ್ನು ಕಾಪಾಡಿದ್ದವು. ಗ್ರಿಡ್ ಬಂದ ಕೂಡಲೇ ಅವೂ ಕಾರ್ಡುಗಳ ಸಾಲಿನಲ್ಲಿ ನಿಂತು ತಮ್ಮ ಪಾಲಿನ ಮನೆ ಹಿಡಿದವು. ಕಾರ್ಡು ಕುಗ್ಗಿದ್ದಕ್ಕೂ ಇಂಥದೇ ಕಾರಣ: ಹಳೆಯ ಕಡತದಲ್ಲಿ ಬರೆದಿದ್ದ ಶೇ. 33.33 ಅಗಲ ಮೊದಲು ಇಡೀ ಸಾಲಿನ ಲೆಕ್ಕದಲ್ಲಿತ್ತು, ಈಗ ಗ್ರಿಡ್ಡಿನ ಒಂದು ಮನೆಯ ಲೆಕ್ಕಕ್ಕೆ ಇಳಿದಿತ್ತು. ಕಾಯಿಲೆ ಹೋಗಿ ಎಷ್ಟೋ ಕಾಲವಾದ ಮೇಲೂ ಮದ್ದು ಮಾತ್ರ ಮೈಯಲ್ಲಿ ಉಳಿದಿತ್ತು.

ಆ ದಿನದಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ವಿಚಾರ ಇದು. ಫ್ಲೋಟಿನ ತೊಂದರೆಗಳಿಗೆ ಕಳೆದ ಎರಡೂವರೆ ದಶಕಗಳಲ್ಲಿ ಹತ್ತಾರು ಪರಿಹಾರಗಳು ಬಂದಿವೆ. ಅವುಗಳಲ್ಲಿ ಬಹುಪಾಲನ್ನು ನಾವು ನಕಲು ಮಾಡಿಕೊಂಡೆವೇ ಹೊರತು ಯಾಕೆಂದು ಕೇಳಲಿಲ್ಲ. ನಿಜಕ್ಕೂ ತೊಂದರೆಗಳು ನಾಲ್ಕೈದೇ. ಅವುಗಳಲ್ಲಿ ಹೆಚ್ಚಿನವಕ್ಕೆ ಬೇರು ಒಂದೇ ನಿಯಮದಲ್ಲಿದೆ. ಅದನ್ನು ತಿಳಿದವನಿಗೆ ಹತ್ತಾರು ಮದ್ದು ಬೇಕಿಲ್ಲ.

ಮುದ್ರಣದಲ್ಲಿ ಚಿತ್ರದ ಸುತ್ತ ಅಕ್ಷರ ಹರಿಸುವುದು ಹಳೆಯ ಪದ್ಧತಿ. ಪತ್ರಿಕೆಯ ಪುಟದಲ್ಲಿ ಲೇಖಕರ ಭಾವಚಿತ್ರವನ್ನು ಎಡಕ್ಕೆ ಇಟ್ಟು ಬಲಕ್ಕೆ ಸಾಲುಗಳನ್ನು ಕಿರಿದು ಮಾಡಿ, ಚಿತ್ರ ಮುಗಿದ ಮೇಲೆ ಪೂರ್ತಿ ಅಗಲಕ್ಕೆ ಬಿಡುವುದನ್ನು ಪ್ರತಿಯೊಬ್ಬ ಪುಟವಿನ್ಯಾಸಕನೂ ಬಲ್ಲ. ಜಾಲಕ್ಕೆ ಈ ಸೌಕರ್ಯ ಮೊದಲು ಬಂದದ್ದು ನೆಟ್‌ಸ್ಕೇಪ್ ಬ್ರೌಸರಿನಲ್ಲಿ, ಚಿತ್ರದ ಟ್ಯಾಗಿಗೆ ‘ಅಲೈನ್’ ಎಂಬ ಗುಣ ಸೇರಿಸುವ ಮೂಲಕ. 1994ರ ಅಕ್ಟೋಬರಿನಲ್ಲಿ ಹೋಕನ್ ವಿಯುಮ್ ಲೀ ಸ್ಟೈಲ್‌ಶೀಟುಗಳ ಪ್ರಸ್ತಾವ ಮುಂದಿಟ್ಟರು, ಮುಂದೆ ಬರ್ಟ್ ಬೋಸ್ ಅವರ ಜೊತೆಗೂಡಿದರು. ಇಬ್ಬರೂ ರೂಪಿಸಿದ ಸಿಎಸ್‌ಎಸ್‌ನ ಮೊದಲ ಆವೃತ್ತಿ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿಯ ಶಿಫಾರಸಾಗಿ 1996ರ ಡಿಸೆಂಬರ್ 17ರಂದು ಹೊರಬಂತು. ಅದರಲ್ಲಿ ‘ಫ್ಲೋಟ್’ ಮತ್ತು ‘ಕ್ಲಿಯರ್’ ಎರಡೂ ಇದ್ದವು. ಒಂದು ತೇಲಿಸಲು, ಇನ್ನೊಂದು ತೇಲಿದ್ದರ ಕೆಳಗೆ ಹೋಗಿ ನಿಲ್ಲಲು.

ನಿಯಮ ಇದು. ಹೊಳೆಯ ನಡುವಿನ ಬಂಡೆಯನ್ನು ನೆನೆಯಿರಿ: ನೀರು ಪಕ್ಕದಿಂದ ಸರಿದು ಹೋಗುತ್ತದೆ, ಹೊಳೆಯ ತಳ ಮಾತ್ರ ಬಂಡೆಯ ಅಡಿಯಲ್ಲೂ ಹಾಗೆಯೇ ಹಾಸಿರುತ್ತದೆ. ಪ್ಯಾರಾದಲ್ಲೂ ಹೀಗೆ ಎರಡು ಪದರ ಇವೆ. ಅಕ್ಷರಗಳ ಸಾಲು ಒಂದು, ಆ ಸಾಲುಗಳನ್ನು ಹಿಡಿದ ಪೆಟ್ಟಿಗೆ ಇನ್ನೊಂದು. ಫ್ಲೋಟ್ ಆದ ಚಿತ್ರಕ್ಕೆ ದಾರಿ ಬಿಡುವುದು ಸಾಲುಗಳು ಮಾತ್ರ. ಪೆಟ್ಟಿಗೆ ಚಿತ್ರ ಇಲ್ಲವೇ ಇಲ್ಲ ಎಂಬಂತೆ ಅದರ ಅಡಿಯಲ್ಲಿ ಹಾದುಹೋಗುತ್ತದೆ. ಕಣ್ಣಾರೆ ನೋಡಬೇಕೆಂದರೆ ಚಿತ್ರದ ಪಕ್ಕದ ಪ್ಯಾರಾಕ್ಕೆ ಹಳದಿ ಹಿನ್ನೆಲೆ ಕೊಡಿ: ಅಕ್ಷರಗಳು ಚಿತ್ರದ ಬಲಕ್ಕಿರುತ್ತವೆ, ಹಳದಿ ಬಣ್ಣ ಮಾತ್ರ ಚಿತ್ರದ ಹಿಂದಿನಿಂದ ಎಡ ಅಂಚಿನವರೆಗೂ ಹರಡಿರುತ್ತದೆ. ಇನ್ನು ಮುಂದೆ ಹೇಳುವ ಹೆಚ್ಚಿನ ತೊಂದರೆಗಳ ಮೂಲ ಈ ಹಳದಿ ಪಟ್ಟಿಯಲ್ಲೇ ಇದೆ.

ಚಿತ್ರಕ್ಕಾಗಿ ಹುಟ್ಟಿದ ಈ ಉಪಕರಣದ ಮೇಲೆ ಇಡೀ ಪುಟದ ಭಾರ ಬಿದ್ದದ್ದು ಹೇಗೆ? ತೊಂಬತ್ತರ ದಶಕದಲ್ಲಿ ಕಾಲಂಗಳನ್ನು ಟೇಬಲ್‌ಗಳಿಂದ ಕಟ್ಟುತ್ತಿದ್ದರು. ಡೇವಿಡ್ ಸೀಗಲ್ 1996ರಲ್ಲಿ ತಂದ ಪುಸ್ತಕ ಆ ಕೌಶಲವನ್ನು, ಒಂದೇ ಪಿಕ್ಸೆಲ್ಲಿನ ಪಾರದರ್ಶಕ ಚಿತ್ರವನ್ನು ಹಿಗ್ಗಿಸಿ ಜಾಗ ಬಿಡುವ ಉಪಾಯವನ್ನು ಮನೆಮಾತಾಗಿಸಿತು. ಅಂಕಿಅಂಶಕ್ಕೆ ಮೀಸಲಾದ ಟೇಬಲ್ಲಿನಿಂದ ಪುಟ ಕಟ್ಟುವುದು ತಪ್ಪು ಎಂಬ ಅರಿವು ನಿಧಾನಕ್ಕೆ ಬೆಳೆಯಿತು. 2002ರಲ್ಲಿ ಡಗ್ಲಸ್ ಬೋಮನ್ ವೈರ್ಡ್ ನ್ಯೂಸ್ ತಾಣವನ್ನು ಟೇಬಲ್ ಬಿಟ್ಟು ಸಿಎಸ್‌ಎಸ್‌ನಲ್ಲಿ ಕಟ್ಟಿದರು. 2003ರಲ್ಲಿ ಡೇವ್ ಶೇ ಅವರ ‘ಸಿಎಸ್‌ಎಸ್ ಜೆನ್ ಗಾರ್ಡನ್’ ಒಂದೇ ಎಚ್‌ಟಿಎಂಎಲ್‌ಗೆ ಎಷ್ಟು ರೂಪ ತೊಡಿಸಬಹುದೆಂದು ತೋರಿಸಿತು. ಆದರೆ ಆಗಿನ ಸಿಎಸ್‌ಎಸ್‌ನಲ್ಲಿ ಎಲ್ಲ ಬ್ರೌಸರುಗಳಲ್ಲೂ ನಡೆಯುವ, ಕಾಲಂಗೆಂದೇ ಮಾಡಿದ ಸಾಧನ ಇರಲಿಲ್ಲ. ‘ಪೊಸಿಷನ್: ಆಬ್ಸಲ್ಯೂಟ್’ ಬಳಸಿದರೆ ಕಾಲಂ ಎಷ್ಟು ಉದ್ದ ಬೆಳೆಯಿತೆಂಬುದು ಫೂಟರಿಗೆ ತಿಳಿಯುತ್ತಿರಲಿಲ್ಲ. ಕೈಗೆ ಸಿಕ್ಕದ್ದು ಫ್ಲೋಟ್ ಒಂದೇ. 2010ರಲ್ಲಿ ಈಥನ್ ಮಾರ್ಕಾಟ್ ಮೊಬೈಲಿಗೆ ಹೊಂದಿಕೊಳ್ಳುವ ವಿನ್ಯಾಸವನ್ನು ವಿವರಿಸಿದಾಗಲೂ, 2011ರಲ್ಲಿ ಟ್ವಿಟರಿನ ಮಾರ್ಕ್ ಆಟೊ, ಜೇಕಬ್ ಥಾರ್ನ್‌ಟನ್ ಬೂಟ್‌ಸ್ಟ್ರಾಪ್ ಬಿಡುಗಡೆ ಮಾಡಿದಾಗಲೂ ಒಳಗಿದ್ದುದು ಫ್ಲೋಟೇ.

ತೊಂದರೆಗಳಲ್ಲಿ ಮೊದಲನೆಯದು, ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡಿದ್ದು, ಹೊರಗಿನ ಡಿವ್ ಕುಸಿಯುವುದು. ‘ಕೊಲ್ಯಾಪ್ಸ್ ಆಗಿದೆ’ ಎಂದೇ ಎಲ್ಲರೂ ಹೇಳುವುದು. ಡಿವ್ ಒಳಗೆ ಎರಡು ಕಾಲಂ ಇವೆ, ಎರಡೂ ಫ್ಲೋಟ್ ಆಗಿವೆ. ಆಗ ಡಿವ್‌ನ ಎತ್ತರ ಸೊನ್ನೆ. ಕೊಟ್ಟ ಹಿನ್ನೆಲೆ ಬಣ್ಣ ಮಾಯ, ನಾಲ್ಕೂ ಬದಿಯ ಬಾರ್ಡರ್ ಮೇಲೊಂದು ಗೆರೆಯಾಗಿ ಕೂಡಿಕೊಳ್ಳುತ್ತದೆ, ಫೂಟರ್ ಮೇಲಕ್ಕೆ ಏರುತ್ತದೆ. ಕಲಿಯುವವರು ಇದನ್ನು ಬ್ರೌಸರಿನ ದೋಷವೆಂದು ತಿಳಿಯುತ್ತಾರೆ. ದೋಷವಲ್ಲ. ಎರಡೇ ಸಾಲಿನ ಪ್ಯಾರಾದಲ್ಲಿ ಇನ್ನೂರು ಪಿಕ್ಸೆಲ್ ಎತ್ತರದ ಚಿತ್ರ ಇದೆ ಎಂದುಕೊಳ್ಳಿ. ಪ್ಯಾರಾ ಚಿತ್ರದಷ್ಟೇ ಎತ್ತರಕ್ಕೆ ಹಿಗ್ಗಿದರೆ ಮುಂದಿನ ಪ್ಯಾರಾ ಚಿತ್ರದ ಕೆಳಗೆ ಶುರುವಾಗಬೇಕು, ನಡುವೆ ದೊಡ್ಡ ಬಯಲು ಉಳಿಯುತ್ತದೆ. ಹಾಗಾಗದಿರಲೆಂದೇ ಪೆಟ್ಟಿಗೆಯ ಎತ್ತರ ಲೆಕ್ಕ ಹಾಕುವಾಗ ಫ್ಲೋಟನ್ನು ಬಿಡಬೇಕು, ಅದು ಕೆಳಗಿನ ಪ್ಯಾರಾಕ್ಕೂ ಜೋತುಬೀಳಲಿ ಎಂದು ನಿಯಮ ಮಾಡಿದರು. ಎರಿಕ್ ಮೇಯರ್ 2003ರಲ್ಲೇ ಇದನ್ನು ಬಿಡಿಸಿ ಬರೆದಿದ್ದರು. ಚಿತ್ರಕ್ಕೆ ಒಳ್ಳೆಯದಾದ ನಿಯಮ ಕಾಲಂಗೆ ಕಂಟಕವಾಯಿತು, ಅಷ್ಟೇ.

ಇದಕ್ಕೆ ಬಂದ ಮದ್ದುಗಳ ಸರಣಿಯನ್ನು ನೋಡಿದರೆ ಜಾಲದ ಇತಿಹಾಸವನ್ನೇ ನೋಡಿದಂತೆ. ಮೊದಲು ಕಾಲಂಗಳ ಕೆಳಗೆ ಒಂದು ಖಾಲಿ ಡಿವ್ ಇಟ್ಟು ಅದಕ್ಕೆ ‘ಕ್ಲಿಯರ್: ಬೋತ್’ ಎಂದು ಬರೆದರು. ಅದು ಫ್ಲೋಟುಗಳ ಕೆಳಗೆ ಹೋಗಿ ನಿಲ್ಲುತ್ತದೆ, ತನ್ನ ಜೊತೆ ಹೊರಗಿನ ಪೆಟ್ಟಿಗೆಯನ್ನೂ ಕೆಳಗೆ ಎಳೆಯುತ್ತದೆ. ಕೆಲಸ ಆಗುತ್ತದೆ, ಆದರೆ ಪುಟದ ತುಂಬ ಅರ್ಥವಿಲ್ಲದ ಖಾಲಿ ಟ್ಯಾಗುಗಳು. ಕೆಲವರು ಹೊರಗಿನ ಡಿವ್ವನ್ನೂ ಫ್ಲೋಟ್ ಮಾಡಿದರು. ಫ್ಲೋಟ್ ತನ್ನೊಳಗಿನ ಫ್ಲೋಟುಗಳನ್ನು ಹಿಡಿದುಕೊಳ್ಳುತ್ತದೆ ನಿಜ, ಆದರೆ ಅದರ ಹೊರಗಿನದು ಕುಸಿಯುತ್ತದೆ, ಅದನ್ನೂ ತೇಲಿಸಬೇಕು, ಹೀಗೆ ಪುಟದ ತುದಿಯವರೆಗೂ ತೇಲಿಸುತ್ತಾ ಹೋಗಬೇಕು. 2004ರಲ್ಲಿ ಟೋನಿ ಆಸ್ಲೆಟ್ ಅವರ ಉಪಾಯ ಪ್ರಚಾರಕ್ಕೆ ಬಂತು: ಖಾಲಿ ಡಿವ್ ಬದಲು ಸ್ಟೈಲ್‌ಶೀಟಿನಿಂದಲೇ, ‘ಆಫ್ಟರ್’ ಎಂಬ ಹುಸಿ ಅಂಶದ ಮೂಲಕ ಕೊನೆಯಲ್ಲೊಂದು ಚುಕ್ಕೆ ಸೇರಿಸಿ, ಅದರ ಎತ್ತರ ಸೊನ್ನೆ ಮಾಡಿ, ಕಾಣದಂತೆ ಮರೆಸಿ, ಕ್ಲಿಯರ್ ಹಾಕುವುದು. ಕ್ಲಿಯರ್‌ಫಿಕ್ಸ್ ಎಂಬ ಹೆಸರು ನೆಲೆಯೂರಿದ್ದು ಹೀಗೆ. 2011ರಲ್ಲಿ ನಿಕೊಲಸ್ ಗ್ಯಾಲಹರ್ ಅದನ್ನು ಇನ್ನಷ್ಟು ಚಿಕ್ಕದಾಗಿಸಿದರು. ಚುಕ್ಕೆಯ ಜಾಗಕ್ಕೆ ಬರೀ ಖಾಲಿ ಜಾಗ ಬಂತು, ಮುಂದೊಂದು ಹಿಂದೊಂದು ಟೇಬಲ್ ರೂಪದ ಪೆಟ್ಟಿಗೆ ಬಂದವು. ಮುಂದಿನ ಪೆಟ್ಟಿಗೆಗೂ ಕ್ಲಿಯರ್ ಮಾಡುವುದಕ್ಕೂ ಸಂಬಂಧವಿಲ್ಲ, ಒಳಗಿನ ಮೊದಲ ಅಂಶದ ಮೇಲಿನ ಮಾರ್ಜಿನ್ ಹೊರಗೆ ಸೋರದಂತೆ ತಡೆಯುವುದು ಅದರ ಕೆಲಸ. ಆ ವಾರಪತ್ರಿಕೆಯ ಮುಖಪುಟದಲ್ಲಿ ಮೊದಲ ಮನೆ ಹಿಡಿದು ಕೂತದ್ದು ಇದೇ.

ನಡುವೆ, 2005ರ ಹೊತ್ತಿಗೆ, ಪಾಲ್ ಓಬ್ರಿಯನ್ ಗುರುತಿಸಿದ ಇನ್ನೊಂದು ದಾರಿ ಬೆಳಕಿಗೆ ಬಂದಿತ್ತು: ಹೊರಗಿನ ಡಿವ್‌ಗೆ ‘ಓವರ್‌ಫ್ಲೋ: ಹಿಡನ್’ ಅಥವಾ ‘ಆಟೊ’ ಎಂದು ಬರೆದರೆ ಸಾಕು, ಕುಸಿತ ನಿಲ್ಲುತ್ತದೆ. ಒಂದೇ ಸಾಲು, ಯಾವ ಪೆಟ್ಟಿಗೆಯೂ ಬೇಡ. ನಾನೂ ವರ್ಷಗಟ್ಟಲೆ ಇದನ್ನೇ ಬಳಸಿದೆ. ಆದರೆ ಹಿಡನ್ ಎಂದರೆ ಅಂಚು ದಾಟಿದ್ದನ್ನೆಲ್ಲ ಕತ್ತರಿಸು ಎಂದೇ ಅರ್ಥ. ಕೆಳಗೆ ಬಿಚ್ಚಿಕೊಳ್ಳುವ ಮೆನು ಅರ್ಧಕ್ಕೆ ತುಂಡಾಗುತ್ತದೆ, ಪೆಟ್ಟಿಗೆಯ ನೆರಳು ಅಂಚಿನಲ್ಲಿ ಕಡಿದುಹೋಗುತ್ತದೆ. ಸ್ಕ್ರೋಲ್ ಮಾಡುವಾಗ ಮೇಲೆ ಅಂಟಿಕೊಳ್ಳಬೇಕಾದ ‘ಸ್ಟಿಕಿ’ ಹೆಡರ್ ಅಂಟುವುದಿಲ್ಲ. ಅದು ತನ್ನ ಹೊರಗಿನ ಹಿಡನ್ ಡಿವ್ವನ್ನೇ ಸ್ಕ್ರೋಲ್ ಆಗುವ ಜಾಗವೆಂದು ಭಾವಿಸುತ್ತದೆ. ಆಟೊ ಹಾಕಿದರೆ ಬೇಡದ ಕಡೆ ಸ್ಕ್ರೋಲ್‌ಬಾರ್ ಹುಟ್ಟಿಕೊಳ್ಳುತ್ತದೆ.

ಓವರ್‌ಫ್ಲೋಗೂ ಎತ್ತರಕ್ಕೂ ಏನು ಸಂಬಂಧ ಎಂದು ಕೇಳಿದವನಿಗೆ ಮಾತ್ರ ನಿಜವಾದ ಉತ್ತರ ಸಿಕ್ಕಿತು. ಸಿಎಸ್‌ಎಸ್‌ನಲ್ಲಿ ‘ಬ್ಲಾಕ್ ಫಾರ್ಮ್ಯಾಟಿಂಗ್ ಕಾಂಟೆಕ್ಸ್ಟ್’ ಎಂಬ ಪರಿಕಲ್ಪನೆ ಇದೆ. ಸ್ವತಂತ್ರ ಆವರಣ ಎನ್ನೋಣ. ಸುತ್ತ ಕಾಂಪೌಂಡು ಕಟ್ಟಿದ ಮನೆಯಂತೆ: ಒಳಗಿನ ಫ್ಲೋಟ್ ಹೊರಗೆ ಜೋತುಬೀಳುವುದಿಲ್ಲ, ಹೊರಗಿನ ಫ್ಲೋಟ್ ಒಳಗೆ ಚಾಚುವುದಿಲ್ಲ. ಆವರಣದ ಎತ್ತರ ಲೆಕ್ಕ ಹಾಕುವಾಗ ಒಳಗಿನ ಫ್ಲೋಟನ್ನೂ ಸೇರಿಸಬೇಕು ಎಂಬುದು ನಿಯಮ. ಫ್ಲೋಟ್ ಆದ ಅಂಶ, ಆಬ್ಸಲ್ಯೂಟ್ ಆದದ್ದು, ಇನ್‌ಲೈನ್-ಬ್ಲಾಕ್, ಟೇಬಲ್ಲಿನ ಮನೆ, ಓವರ್‌ಫ್ಲೋ ಬದಲಿಸಿದ ಡಿವ್, ಇವೆಲ್ಲ ಇಂಥ ಆವರಣ ಕಟ್ಟುತ್ತವೆ. ಹಿಡನ್ ಕೆಲಸ ಮಾಡಿದ್ದು ಅದರ ಅಡ್ಡಫಲವಾಗಿ. ನಮಗೆ ಬೇಕಾದದ್ದು ಆವರಣ ಮಾತ್ರ, ಕತ್ತರಿ ಬೇಡ. ಅದನ್ನೇ ಕೊಡುವ ‘ಡಿಸ್‌ಪ್ಲೇ: ಫ್ಲೋ-ರೂಟ್’ 2017ರಲ್ಲಿ ಕ್ರೋಮ್, ಫೈರ್‌ಫಾಕ್ಸ್‌ಗಳಿಗೆ, 2019ರಲ್ಲಿ ಸಫಾರಿಗೆ, 2020ರಲ್ಲಿ ಎಡ್ಜ್‌ಗೆ ಬಂತು. ಅಡ್ಡಪರಿಣಾಮ ಇಲ್ಲ, ಕಾಣದ ಪೆಟ್ಟಿಗೆಗಳಿಲ್ಲ. ಕುಸಿತಕ್ಕೆ ಇವತ್ತು ಇದೊಂದೇ ಮದ್ದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹೊಸ ಪುಟಕ್ಕೆ ಕ್ಲಿಯರ್‌ಫಿಕ್ಸ್ ತರುವ ಅಗತ್ಯ ಇನ್ನಿಲ್ಲ.

ಆವರಣದಿಂದ ಇನ್ನೊಂದು ಲಾಭವೂ ಇದೆ. ಆವರಣವಾದ ಪೆಟ್ಟಿಗೆ ಫ್ಲೋಟಿನ ಅಡಿಯಲ್ಲಿ ನುಸುಳದೆ ಪಕ್ಕದಲ್ಲೇ ನಿಲ್ಲುತ್ತದೆ, ಹಳದಿ ಪಟ್ಟಿ ಚಿತ್ರದ ಅಂಚಿಗೆ ಬಂದು ನಿಂತುಬಿಡುತ್ತದೆ. ಎಡಕ್ಕೆ ಓದುಗರ ಚಿತ್ರ, ಬಲಕ್ಕೆ ಅವರ ಪತ್ರ. ಪತ್ರ ಎಷ್ಟೇ ಉದ್ದವಾದರೂ ಚಿತ್ರದ ಕೆಳಗೆ ಸುತ್ತಿಕೊಳ್ಳಬಾರದು. ಇಂಥ ಜೋಡಣೆಯನ್ನು ನಿಕೋಲ್ ಸಲಿವನ್ 2010ರಲ್ಲಿ ‘ಮೀಡಿಯಾ ಆಬ್ಜೆಕ್ಟ್’ ಎಂದು ಕರೆದು, ಪುಟದಿಂದ ಪುಟಕ್ಕೆ ಮತ್ತೆ ಮತ್ತೆ ಬರೆಯುವ ನೂರಾರು ಸಾಲು ಕೋಡ್ ಉಳಿಸಬಹುದೆಂದು ತೋರಿಸಿದರು. ಅದರ ತಿರುಳೂ ಈ ಆವರಣವೇ.

ಎರಡನೆಯ ತೊಂದರೆ ಕಾಲಂ ಕೆಳಗೆ ಬೀಳುವುದು. ಇದು ಬರೀ ಕೂಡುವ ಲೆಕ್ಕ. ಪುಟ 960 ಪಿಕ್ಸೆಲ್, ಲೇಖನದ ಕಾಲಂ 640, ಸೈಡ್‌ಬಾರ್ 320. ಸರಿಹೋಯಿತು. ಮಾರನೆಯ ದಿನ ಯಾರೋ ಸೈಡ್‌ಬಾರಿಗೆ ಎರಡೂ ಬದಿಗೆ ಹತ್ತು ಹತ್ತು ಪಿಕ್ಸೆಲ್ ಪ್ಯಾಡಿಂಗ್ ಕೊಡುತ್ತಾರೆ. ಸಿಎಸ್‌ಎಸ್‌ನ ಮೂಲ ಲೆಕ್ಕದಲ್ಲಿ ಅಗಲವೆಂದರೆ ಒಳಗಿನ ವಿಷಯದ ಅಗಲ, ಪ್ಯಾಡಿಂಗ್ ಅದರ ಮೇಲೆ ಸೇರುತ್ತದೆ. 320 ಇದ್ದದ್ದು 340 ಆಯಿತು, ಒಟ್ಟು 980. ಜಾಗ ಸಾಲದೆ ಸೈಡ್‌ಬಾರ್ ಲೇಖನದ ಕೆಳಗೆ ಹೋಗಿ ಕೂತಿತು. ಇದಕ್ಕೆ ಸೈಡ್‌ಬಾರಿಗೆ ಋಣ ಮಾರ್ಜಿನ್ ಕೊಟ್ಟು ಮೇಲೆ ಎಳೆಯುವುದು, ಫೂಟರಿಗೆ ಎತ್ತರ ಕೊಡುವುದು ಇತ್ಯಾದಿಗಳನ್ನು ಕಂಡಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ‘ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್’ ಎಂದು ಬರೆದರೆ ಪ್ಯಾಡಿಂಗೂ ಬಾರ್ಡರೂ ಕೊಟ್ಟ ಅಗಲದೊಳಗೇ ಅಡಗುತ್ತವೆ. ಪಾಲ್ ಐರಿಷ್ 2012ರಲ್ಲಿ ಇದನ್ನು ಪುಟದ ಎಲ್ಲ ಅಂಶಗಳಿಗೂ ಹಚ್ಚಿ ಎಂದು ವಾದಿಸಿದ ಮೇಲೆ ಅದು ಬಹುತೇಕ ಎಲ್ಲರ ರೂಢಿಯಾಯಿತು. ಅಗಲ ಕೊಡದ ಕಾಲಂ ಬೀಳಲು ಇನ್ನೊಂದು ಕಾರಣ ಅದರೊಳಗಿನ ಅಳತೆ ಮೀರಿದ ಚಿತ್ರ ಅಥವಾ ಎಲ್ಲೂ ಮುರಿಯದ ಉದ್ದದ ಜಾಲವಿಳಾಸ. ಡೆವಲಪರ್ ಟೂಲ್ಸ್ ತೆರೆದು ಎರಡೂ ಕಾಲಂಗಳ ನಿಜವಾದ ಅಗಲ ಕೂಡಿ ನೋಡಿ, ಉತ್ತರ ಅಲ್ಲೇ ಇರುತ್ತದೆ.

ಇದಕ್ಕೆ ಹತ್ತಿರದ ನಂಟು ಮೆಟ್ಟಿಲಾಗುವ ಕಾರ್ಡುಗಳದು. ಸಾಲಿಗೆ ಮೂರು ಕಾರ್ಡು, ಮೊದಲನೆಯದರ ಶೀರ್ಷಿಕೆ ಮಾತ್ರ ಮೂರು ಸಾಲಿಗೆ ಬೆಳೆದು ಕಾರ್ಡು ಎತ್ತರವಾಗಿದೆ. ನಾಲ್ಕನೆಯದು ಎಡ ಅಂಚಿಗೆ ಬರಬೇಕಾದದ್ದು ಮೊದಲನೆಯದರ ಬದಿಗೆ ತಗುಲಿ ಎರಡನೆಯದರ ಕೆಳಗೇ ನಿಂತುಬಿಡುತ್ತದೆ. ಮೊದಲು ಸಾಧ್ಯವಾದಷ್ಟು ಮೇಲೆ, ಆಮೇಲೆ ಸಾಧ್ಯವಾದಷ್ಟು ಎಡಕ್ಕೆ ಎಂಬ ನಿಯಮವನ್ನು ಅದು ಪಾಲಿಸಿದೆ, ತಪ್ಪಿಲ್ಲ. ಪ್ರತಿ ನಾಲ್ಕನೆಯ, ಏಳನೆಯ ಕಾರ್ಡಿಗೆ ‘ಕ್ಲಿಯರ್: ಲೆಫ್ಟ್’ ಹಾಕುವುದು ಹಳೆಯ ಪರಿಹಾರ. ಮೊಬೈಲಿನಲ್ಲಿ ಸಾಲಿಗೆ ಎರಡಾದರೆ ಆ ಎಣಿಕೆಯನ್ನು ಮತ್ತೆ ಬದಲಿಸಬೇಕು. ಇಲ್ಲಿ ಫ್ಲೋಟ್ ಬಿಟ್ಟು ಗ್ರಿಡ್ ಹಿಡಿಯುವುದೇ ಸರಿ.

ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ರ ಕಥೆಯನ್ನು ಚುಟುಕಾಗಿ ಮುಗಿಸುತ್ತೇನೆ. 2001ರಲ್ಲಿ ಬಂದ ಆ ಬ್ರೌಸರ್ ಫ್ಲೋಟಿನ ಪಕ್ಕದ ಮಾರ್ಜಿನ್ನನ್ನು ಇಮ್ಮಡಿ ಮಾಡುತ್ತಿತ್ತು, ಅಕ್ಷರಗಳನ್ನು ಮೂರು ಪಿಕ್ಸೆಲ್ ತಳ್ಳುತ್ತಿತ್ತು, ಒಮ್ಮೊಮ್ಮೆ ಪ್ಯಾರಾವನ್ನೇ ಮರೆಮಾಡಿ ಕಿಟಕಿ ಸರಿಸಿದಾಗ ತೋರಿಸುತ್ತಿತ್ತು. ಜಾನ್ ಗ್ಯಾಲಂಟ್, ಹಾಲಿ ಬರ್ಗೆವಿನ್ ಇವನ್ನೆಲ್ಲ ತಾಳ್ಮೆಯಿಂದ ದಾಖಲಿಸಿದರು. ಫ್ಲೋಟಿಗೆ ‘ಡಿಸ್‌ಪ್ಲೇ: ಇನ್‌ಲೈನ್’, ಡಿವ್‌ಗೆ ‘ಜೂಮ್: 1’ ಎಂಬ ಸಾಲುಗಳನ್ನು ಹಳೆಯ ಕಡತಗಳಲ್ಲಿ ಕಂಡರೆ ಅವು ಆ ಬ್ರೌಸರಿಗಾಗಿ ಬರೆದವು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರಿಗೆ ಬೆಂಬಲ ನಿಲ್ಲಿಸಿತು. ಆ ಸಾಲುಗಳನ್ನು ಈಗ ನಿಶ್ಚಿಂತೆಯಿಂದ ಅಳಿಸಬಹುದು.

ಕಾಯಿಲೆಗಿಂತ ಮದ್ದೇ ಹೆಚ್ಚು ತೊಂದರೆ ಕೊಡುವುದು ಕ್ಲಿಯರ್‌ನಲ್ಲಿ. ಲೇಖನದ ನಡುವೆ ಒಂದು ಚಿತ್ರದ ಕೆಳಗೆ ಹೊಸ ಉಪಶೀರ್ಷಿಕೆ ಶುರುವಾಗಲಿ ಎಂದು ‘ಕ್ಲಿಯರ್: ಬೋತ್’ ಬರೆಯುತ್ತೇವೆ. ಶೀರ್ಷಿಕೆ ಚಿತ್ರವನ್ನಷ್ಟೇ ಅಲ್ಲ, ಪಕ್ಕದ ಉದ್ದನೆಯ ಸೈಡ್‌ಬಾರನ್ನೂ ದಾಟಿ ಪುಟದ ತಳಕ್ಕೆ ಜಾರುತ್ತದೆ. ಸೈಡ್‌ಬಾರೂ ಫ್ಲೋಟೇ ತಾನೆ! ಕ್ಲಿಯರ್ ತನ್ನ ಆವರಣದಲ್ಲಿ ಹಿಂದೆ ಬಂದ ಎಲ್ಲ ಫ್ಲೋಟುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಲೇಖನದ ಕಾಲಂಗೆ ಫ್ಲೋ-ರೂಟ್ ಕೊಟ್ಟು ಅದನ್ನೇ ಆವರಣ ಮಾಡಿದರೆ ಕ್ಲಿಯರ್‌ನ ಕೈ ಆ ಕಾಂಪೌಂಡಿನೊಳಗೇ ಉಳಿಯುತ್ತದೆ. ಕ್ಲಿಯರ್ ಆದ ಶೀರ್ಷಿಕೆಗೆ ಕೊಟ್ಟ ಮೇಲಿನ ಮಾರ್ಜಿನ್ ಫಲಿಸುವುದಿಲ್ಲ ಎಂಬ ದೂರೂ ಸಾಮಾನ್ಯ. ಶೀರ್ಷಿಕೆಯ ಮೇಲಂಚನ್ನು ಬ್ರೌಸರ್ ಫ್ಲೋಟಿನ ತಳಕ್ಕೆ ಇಳಿಸುತ್ತದೆ, ಮಾರ್ಜಿನ್ ಆ ಇಳಿತದಲ್ಲೇ ಕರಗುತ್ತದೆ. ಅಂತರ ಬೇಕಿದ್ದರೆ ಚಿತ್ರಕ್ಕೆ ಕೆಳಗಿನ ಮಾರ್ಜಿನ್ ಕೊಡಬೇಕು.

ಕ್ಲಿಯರ್‌ನ ಈ ತೊಂದರೆಯನ್ನು ನಮ್ಮ ಭಾಷೆಯಲ್ಲೇ ನೋಡಬೇಕೆಂದರೆ 2003ರಿಂದ ಇರುವ ಕನ್ನಡ ವಿಕಿಪೀಡಿಯದಲ್ಲಿ ಊರೊಂದರ ಚಿಕ್ಕ ಲೇಖನ ತೆರೆಯಿರಿ. ಬಲಕ್ಕೆ ಉದ್ದದ ಮಾಹಿತಿಪೆಟ್ಟಿಗೆ, ಎಡಕ್ಕೆ ಹತ್ತೇ ಸಾಲು. ವಿಕಿಪೀಡಿಯದ ಚಿತ್ರಗಳು ಬಲಕ್ಕೆ ತೇಲುತ್ತವೆ, ಬಲದ ಫ್ಲೋಟುಗಳನ್ನು ಕ್ಲಿಯರ್ ಕೂಡ ಮಾಡುತ್ತವೆ. ಹಾಗಾಗಿ ಮೊದಲ ಪ್ಯಾರಾದ ಜೊತೆಗೆ ಇಟ್ಟ ದೇವಸ್ಥಾನದ ಚಿತ್ರ ಮಾಹಿತಿಪೆಟ್ಟಿಗೆ ಮುಗಿಯುವವರೆಗೂ ಇಳಿದು, ‘ಉಲ್ಲೇಖಗಳು’ ಎಂಬ ಶೀರ್ಷಿಕೆಯ ಪಕ್ಕ ಬಂದು ನಿಲ್ಲುತ್ತದೆ. ಕ್ಲಿಯರ್ ಟೆಂಪ್ಲೇಟು ಹಾಕಿದರೆ ಎಡಕ್ಕೆ ದೊಡ್ಡ ಬಯಲು. ಚಿತ್ರವನ್ನು ಎಡಕ್ಕೆ ತೇಲಿಸುವುದು, ಇಲ್ಲವೇ ಚಿತ್ರಗಳನ್ನೆಲ್ಲ ಗ್ಯಾಲರಿಗೆ ಸೇರಿಸುವುದು ಇದಕ್ಕೆ ಒಳ್ಳೆಯ ದಾರಿ. ಇನ್ನೂ ಒಳ್ಳೆಯದು ಲೇಖನವನ್ನು ಬೆಳೆಸುವುದು.

ಕನ್ನಡದ ಪುಟ ಕಟ್ಟುವವರಿಗೆ ಇಂಗ್ಲಿಷ್ ಪಾಠಗಳಲ್ಲಿ ಸಿಗದ ಕೆಲವು ಸಂಗತಿಗಳಿವೆ, ಅವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ಎರಡೂ ಬದಿಗೆ 16 ಬಿಟ್ಟರೆ 328 ಉಳಿಯಿತು. 200 ಪಿಕ್ಸೆಲ್ಲಿನ ಚಿತ್ರ, ಅದರ ಪಕ್ಕ 16 ಮಾರ್ಜಿನ್. ಅಕ್ಷರಕ್ಕೆ ಸಿಕ್ಕದ್ದು 112. ‘ಅಭಿವೃದ್ಧಿಪಡಿಸಬೇಕಾಗಿರುವುದರಿಂದ’ ಎಂಬ ಪದದಲ್ಲಿ ಹದಿನೈದು ಅಕ್ಷರಗಳಿವೆ, ಆ ಸಂದಿಯಲ್ಲಿ ಅದು ಹಿಡಿಯುವುದಿಲ್ಲ. ಒಂದು ಪದವೂ ಹಿಡಿಯದಿದ್ದರೆ ಸಾಲನ್ನು ಫ್ಲೋಟಿನ ಕೆಳಗೆ ಇಳಿಸಬೇಕು ಎಂಬುದು ನಿಯಮ. ಹೀಗೆ ಚಿತ್ರದ ಪಕ್ಕ ಎರಡು ಸಾಲು ಬಂದು, ಮೂರನೆಯ ಸಾಲಿನ ಜಾಗ ಖಾಲಿ ಬಿದ್ದು, ಉಳಿದದ್ದೆಲ್ಲ ಕೆಳಗೆ ಹೋಗಿರುತ್ತದೆ. ಪ್ರತ್ಯಯದ ಮೇಲೆ ಪ್ರತ್ಯಯ ಪೋಣಿಸುವ ನಮ್ಮ ಭಾಷೆಯಲ್ಲಿ ಇದು ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು ಕಾಣುತ್ತದೆ. ಚಿಕ್ಕ ಪರದೆಯಲ್ಲಿ ಫ್ಲೋಟ್ ತೆಗೆದು ಚಿತ್ರವನ್ನು ಪೂರ್ತಿ ಅಗಲಕ್ಕೆ ಬಿಡುವುದು ನನ್ನ ಅನುಭವದಲ್ಲಿ ಅತ್ಯುತ್ತಮ. ಪುಟದ ಭಾಷೆ ಕನ್ನಡವೆಂದು ಟ್ಯಾಗಿನಲ್ಲಿ ನಮೂದಿಸಿ ಪದ ಮುರಿಯುವ ‘ಹೈಫನ್ಸ್: ಆಟೊ’ ಕೊಟ್ಟರೆ, ಅದಕ್ಕೆ ಬೆಂಬಲವಿರುವ ಬ್ರೌಸರಿನಲ್ಲಿ ಒಳ್ಳೆಯ ಫಲ ಸಿಗುತ್ತದೆ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಪದ ಮುರಿಯುವ ನಿಯಮಗಳನ್ನು ರಚಿಸಿಕೊಟ್ಟವರು ಮಲಯಾಳದ ಸಂತೋಷ್ ತೊಟ್ಟಿಂಗಲ್. ‘ವರ್ಡ್-ಬ್ರೇಕ್: ಬ್ರೇಕ್-ಆಲ್’ ಮಾತ್ರ ಬೇಡ. ಅದು ಪದವನ್ನು ಎಲ್ಲೆಂದರಲ್ಲಿ ಕಡಿಯುತ್ತದೆ.

ಮೊದಲಕ್ಷರವನ್ನು ಮೂರು ಸಾಲಿನಷ್ಟು ದೊಡ್ಡದು ಮಾಡಿ ಎಡಕ್ಕೆ ತೇಲಿಸುವ ಪತ್ರಿಕೆಯ ಚೆಂದ ನಮಗೂ ಬೇಕು. ಫ್ಲೋಟ್ ಹುಟ್ಟಿದ್ದು ಇಂಥ ಕೆಲಸಕ್ಕೇ. ಆದರೆ ಲೇಖನ ‘ಪ್ರೀತಿ’ ಎಂದು ಶುರುವಾದರೆ ಕೆಲವು ಬ್ರೌಸರುಗಳಲ್ಲಿ ‘ಫಸ್ಟ್-ಲೆಟರ್’ ಎಂಬ ಆಯ್ಕೆ ‘ಪ್’ ಅನ್ನು ಮಾತ್ರ ದೊಡ್ಡದು ಮಾಡಿ ‘ರೀ’ಯನ್ನು ಬಿಟ್ಟುಬಿಡುತ್ತದೆ, ಒತ್ತಕ್ಷರ ಒಡೆಯುತ್ತದೆ. ಮೊದಲ ಅಕ್ಷರವನ್ನು ಪೂರ್ತಿಯಾಗಿ ‘ಸ್ಪ್ಯಾನ್’ ಟ್ಯಾಗಿನಲ್ಲಿ ಸುತ್ತಿ ಅದನ್ನು ತೇಲಿಸುವುದೇ ಸುರಕ್ಷಿತ. ಇನ್ನೊಂದು ಸಣ್ಣ ಸಂಗತಿ ಸಾಲಿನ ಎತ್ತರದ್ದು. ಒತ್ತಕ್ಷರಗಳಿಗಾಗಿ ನಾವು ಸಾಲುಗಳ ನಡುವೆ ಹೆಚ್ಚು ಜಾಗ ಬಿಡುತ್ತೇವೆ, 30 ಪಿಕ್ಸೆಲ್ ಎನ್ನೋಣ. ಚಿತ್ರದ ಎತ್ತರ 300, ಕೆಳಗೆ ಮಾರ್ಜಿನ್ 10. ಹತ್ತು ಸಾಲು ಚಿತ್ರದ ಪಕ್ಕ ಹರಿದ ಮೇಲೆ ಹತ್ತೇ ಪಿಕ್ಸೆಲ್ ತಗುಲಿದ್ದಕ್ಕೆ ಹನ್ನೊಂದನೆಯ ಸಾಲೂ ಪೂರ್ತಿ ಕಿರಿದಾಗುತ್ತದೆ, ಚಿತ್ರದ ಕೆಳಗೊಂದು ಬಿಳಿ ಗುಂಡಿ ಉಳಿಯುತ್ತದೆ. ಚಿತ್ರವನ್ನು 290ಕ್ಕೆ ಇಳಿಸಿದರೆ ಎಲ್ಲ ಸರಿ. ಅಚ್ಚುಮೊಳೆ ಜೋಡಿಸಿದವರು ಇಂಥ ಲೆಕ್ಕವನ್ನು ದಿನವೂ ಮಾಡುತ್ತಿದ್ದರು. ನಾವೂ ಮಾಡಬೇಕು.

ಇಡೀ ಪುಟದ ಭಾರವಂತೂ ಫ್ಲೋಟಿನ ಹೆಗಲಿನಿಂದ ಇಳಿದಿದೆ. ಒಂದು ಸಾಲಿನ ಜೋಡಣೆಗೆ ಫ್ಲೆಕ್ಸ್‌ಬಾಕ್ಸ್ ಬಂತು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರೂ ಕೆಲವೇ ವಾರಗಳ ಅಂತರದಲ್ಲಿ ಗ್ರಿಡ್ ತಂದವು. 2018ರ ಬೂಟ್‌ಸ್ಟ್ರಾಪ್ 4 ತನ್ನ ಕಾಲಂಗಳಿಗೆ ಫ್ಲೋಟ್ ಬಿಟ್ಟು ಫ್ಲೆಕ್ಸ್ ಹಿಡಿಯಿತು. ಕಾಲಂಗಳನ್ನು ಒಂದೇ ಎತ್ತರಕ್ಕೆ ಕಾಣಿಸಲು ಡ್ಯಾನ್ ಸೆಡರ್‌ಹೋಮ್ 2004ರಲ್ಲಿ ಹಿನ್ನೆಲೆ ಚಿತ್ರ ಹಾಸುವ ಉಪಾಯ ಹುಡುಕಬೇಕಾಯಿತು. ಫ್ಲೆಕ್ಸ್‌ನಲ್ಲಿ ಅದು ಹೇಳದೆಯೇ ಆಗುತ್ತದೆ. ಆದರೆ ಚಿತ್ರದ ಸುತ್ತ ಅಕ್ಷರ ಹರಿಸುವುದು ಫ್ಲೆಕ್ಸಿಗೂ ಗ್ರಿಡ್ಡಿಗೂ ಬಾರದು. ದುಂಡನೆಯ ಭಾವಚಿತ್ರದ ಬಳುಕನ್ನು ಹಿಡಿದು ಸಾಲುಗಳನ್ನು ಬಾಗಿಸುವ ‘ಶೇಪ್-ಔಟ್‌ಸೈಡ್’ ಕೂಡ ಫ್ಲೋಟ್ ಆದ ಅಂಶಕ್ಕೇ ದಕ್ಕುತ್ತದೆ. ಫ್ಲೋಟ್ ಸತ್ತಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹಳೆಯ ಪುಟ ಸರಿಪಡಿಸುವವರಿಗೆ ಒಂದು ಮಾತು. ಗ್ರಿಡ್ ಒಳಗಿನ ಕಾರ್ಡಿಗೆ ಹಳೆಯ ಫ್ಲೋಟ್ ತಾನಾಗಿ ಫಲಿಸದೆ ಹೋಗುತ್ತದೆ, ಅದರ ಚಿಂತೆ ಬೇಡ. ಹಳೆಯ ಅಗಲವನ್ನು ‘ಆಟೊ’ ಮಾಡಿ, ಕ್ಲಿಯರ್‌ಫಿಕ್ಸ್ ತೆಗೆಯಿರಿ, ಆಮೇಲೆ ಗ್ರಿಡ್ ಬರೆಯಿರಿ. ಮತ್ತೆ, ಯಾವುದೇ ಪರಿಹಾರ ಹಾಕುವಾಗ ಅದರ ಪಕ್ಕದಲ್ಲೇ ಟಿಪ್ಪಣಿಯೊಂದನ್ನು ಬರೆದಿಡಿ: ಯಾವ ತೊಂದರೆಗೆ, ಯಾವ ಬ್ರೌಸರಿಗಾಗಿ, ಯಾವಾಗ ಅಳಿಸಬಹುದು. ಸಿಎಸ್‌ಎಸ್ ಟಿಪ್ಪಣಿಯನ್ನು ಕನ್ನಡದಲ್ಲೂ ಬರೆಯಬಹುದು, ಬ್ರೌಸರ್ ಅದನ್ನು ಓದದೆ ದಾಟುತ್ತದೆ. ಆ ವಾರಪತ್ರಿಕೆಯ ಕಡತದಲ್ಲಿ ಈಗ ಫ್ಲೋ-ರೂಟ್ ಇರುವ ಕಡೆಯೆಲ್ಲ ಅಂಥ ಒಂದೊಂದು ಸಾಲು ಇದೆ. ನಿಮ್ಮ ನಂತರ ಆ ಕಡತ ತೆರೆಯುವವರಿಗಾಗಿ ನೀವೂ ಬರೆಯಿರಿ.